ಚೆಲ್ಸಿ ಸಂಘದ ಜಮಾಖರ್ಚು

ಲಂಡನ್ ನಗರದ ಚೆಲ್ಸಿ ಕಾಲ್ಚೆಂಡು ಸಂಘವು 2023–24ನೆಯ ಸಾಲಿನಲ್ಲಿ, ತೆರಿಗೆಯನ್ನು ಕಳೆಯುವುದಕ್ಕೆ ಮುಂಚೆ, 12 ಕೋಟಿ 84 ಲಕ್ಷ ಪೌಂಡುಗಳ ಲಾಭವನ್ನು ಪಡೆಯಿತೆಂದು 2025ರಲ್ಲಿ ಹೊರಬಿದ್ದ ಅದರ ಲೆಕ್ಕಪತ್ರಗಳು ಸಾರುತ್ತವೆ. ಅದರ ಹಿಂದಿನ ಸಾಲಿನಲ್ಲಿ ಇದೇ ಸಂಘಕ್ಕೆ ಸುಮಾರು 9 ಕೋಟಿ ಪೌಂಡು ನಷ್ಟವಾಗಿದ್ದಿತು. ಅದಕ್ಕೂ ಹಿಂದಿನ ಸಾಲಿನ ನಷ್ಟವು 12 ಕೋಟಿಯನ್ನು ಮೀರಿದ್ದಿತು. ಮುಳುಗುತ್ತಿದ್ದ ದೋಣಿಯು ಒಂದೇ ವರ್ಷದಲ್ಲಿ ಹೀಗೆ ತೇಲಿಬಂದುದು ಯಾವ ಮಂತ್ರದಿಂದ? ಆಟ ಸುಧಾರಿಸಿತೆನ್ನೋಣವೆಂದರೆ, ಆ ವರ್ಷ ಸಂಘವು ಯೂರೋಪಿನ ಯಾವ ಪಂದ್ಯಾವಳಿಯಲ್ಲಿಯೂ ಇರಲಿಲ್ಲ. ಸ್ವದೇಶದ ಲೀಗಿನಲ್ಲಿ ದೊರೆತದ್ದು ಆರನೆಯ ಸ್ಥಾನ. ಆದಾಯ ಬೆಳೆಯಿತೆನ್ನೋಣವೆಂದರೆ, ಅದು 51 ಕೋಟಿ ಪೌಂಡುಗಳ ಮೇಲಿದ್ದುದು 46 ಕೋಟಿ 85 ಲಕ್ಷಕ್ಕೆ ಇಳಿದಿದ್ದಿತು. ಲಾಭದ ಮೂಲವು ಬೇರೆ ಕಡೆಯಲ್ಲಿದೆ. ಸಂಘವು ತನ್ನ ಮಹಿಳಾ ತಂಡವನ್ನು ಮಾರಿ 19 ಕೋಟಿ 87 ಲಕ್ಷ ಪೌಂಡುಗಳನ್ನು ಜಮೆಯ ಕಡೆಗೆ ಬರೆದುಕೊಂಡಿತು. ಕೊಂಡವರಾರೆಂದರೆ, ಸಂಘದ ಒಡೆಯರದೇ ಆದ ಇನ್ನೊಂದು ಕಂಪನಿ. ಆ ಒಂದು ಬಾಬನ್ನು ತೆಗೆದುಬಿಟ್ಟರೆ ಉಳಿಯುವುದು ಸುಮಾರು 7 ಕೋಟಿ ಪೌಂಡುಗಳ ನಷ್ಟ.

ಇಂಗ್ಲೆಂಡಿನ ಒಂದು ಆಟದ ಸಂಘದ ಕಿರ್ದಿ ಖತಾವಣಿಗಳಿಂದ ನಮಗೇನಾಗಬೇಕೆಂದು ವಾಚಕರಲ್ಲಿ ಕೆಲವರು ಕೇಳಿಯಾರು. ನಮ್ಮ ಊರುಗಳ ತರುಣರು ನಡುರಾತ್ರಿಯ ತನಕ ಎಚ್ಚರವಿದ್ದು ಈ ಸಂಘದ ಆಟವನ್ನು ನೋಡುವರು, ಅದರ ನೀಲಿ ಅಂಗಿಯನ್ನು ತೊಟ್ಟು ಬೀದಿಯಲ್ಲಿ ಓಡಾಡುವರು ಎಂಬುದೊಂದು ಕಾರಣ. ಇನ್ನೊಂದು ಕಾರಣವು ನಮ್ಮ ದೃಷ್ಟಿಯಲ್ಲಿ ಹೆಚ್ಚಿನದು. ಸ್ವಾವಲಂಬನವೆಂಬುದು ಈ ಪುಟದ ವಾಚಕರಿಗೆ ಪ್ರಿಯವಾದ ಶಬ್ದ. ಚೆಲ್ಸಿಯ ಕಾರ್ಯಕರ್ತರೂ ಇಪ್ಪತ್ತು ವರ್ಷಗಳಿಂದ ಅದನ್ನೇ ಜಪಿಸುತ್ತ ಬಂದಿದ್ದಾರೆ. ಒಳ್ಳೆಯ ಶಬ್ದವೊಂದು ಲೆಕ್ಕದ ಪುಸ್ತಕಕ್ಕೆ ಸೇರಿ ತನ್ನ ಅರ್ಥವನ್ನು ಹೇಗೆ ಕಳೆದುಕೊಳ್ಳುವುದೆಂಬುದನ್ನು ಕಾಣಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ಗೊತ್ತಿಲ್ಲ.

ಕಾಲ್ಚೆಂಡು ಸಂಘಕ್ಕೆ ಸಹಜವಾದ ಆದಾಯದ ದಾರಿಗಳು ಮೂರು. ಕ್ರೀಡಾಂಗಣದ ಬಾಗಿಲಲ್ಲಿ ಬರುವ ಟಿಕೆಟ್ಟಿನ ಹಣ. ಆಟವನ್ನು ಮನೆಮನೆಗೆ ತೋರಿಸುವ ಟೆಲಿವಿಷನ್ ಕಂಪನಿಗಳು ಕೊಡುವ ಹಣ. ಅಂಗಿಯ ಮೇಲೆ ಹೆಸರು ಬರೆಯಿಸಿಕೊಳ್ಳುವ ಕಂಪನಿಗಳೂ ಅಂಗಿಯನ್ನು ಕೊಳ್ಳುವ ಅಭಿಮಾನಿಗಳೂ ತರುವ ವ್ಯಾಪಾರದ ಹಣ. ಖರ್ಚಿನಲ್ಲಿ ಮುಖ್ಯವಾದವು ಎರಡು: ಆಟಗಾರರ ಸಂಬಳ, ಮತ್ತು ಬೇರೆ ಸಂಘಗಳಿಂದ ಆಟಗಾರರನ್ನು ತರುವುದಕ್ಕೆ ಕೊಡುವ ಬೆಲೆ. ಮೂರು ದಾರಿಗಳಿಂದ ಬಂದುದರಲ್ಲಿ ಈ ಎರಡು ಖರ್ಚುಗಳನ್ನು ತೂಗಿಸಿಕೊಂಡು ಹೋಗುವ ಸಂಘವು ತನ್ನ ಕಾಲ ಮೇಲೆ ನಿಂತಿದೆ. ತೂಗಿಸಲಾರದ ಸಂಘಕ್ಕೆ ಧಣಿಯೊಬ್ಬನು ಬೇಕು. ಇದರಲ್ಲಿ ಗೂಢವೇನೂ ಇಲ್ಲ. ಗೂಢವಾಗುವುದು, ಧಣಿಯ ಹಣಕ್ಕೆ ಆದಾಯವೆಂಬ ವೇಷವನ್ನು ತೊಡಿಸಿದಾಗ.

1905ರಲ್ಲಿ ಸ್ಥಾಪಿತವಾದ ಈ ಸಂಘವು ಒಂದು ಕಟ್ಟಡದ ದೆಸೆಯಿಂದ ಒಮ್ಮೆ ಸಾಯುವ ಸ್ಥಿತಿಗೆ ಬಂದುದುಂಟು. ಸ್ಟ್ಯಾಮ್‌ಫರ್ಡ್ ಬ್ರಿಜ್ ಎಂಬ ತನ್ನ ಕ್ರೀಡಾಂಗಣದಲ್ಲಿ ಶಕ್ತಿಗೆ ಮೀರಿದ ವೆಚ್ಚದಿಂದ ಪೂರ್ವದ ಗ್ಯಾಲರಿಯನ್ನು ಕಟ್ಟಿಸಿತು. 1974ರಲ್ಲಿ ಅದು ತೆರೆಯಿತು; 1975ರಲ್ಲಿ ಸಂಘವು ಮೊದಲನೆಯ ವರ್ಗದಿಂದ ಕೆಳಕ್ಕೆ ಬಿದ್ದಿತು. ಸಾಲವು ಬೆಳೆದು, 1982ರಲ್ಲಿ ಕೆನ್ ಬೇಟ್ಸ್ ಎಂಬವರು ಸಂಘವನ್ನು ಒಂದೇ ಒಂದು ಪೌಂಡಿಗೆ, ಸಾಲದ ಹೊರೆಯ ಸಮೇತ, ಕೊಂಡರು. ಅಷ್ಟರೊಳಗೆ ನೆಲವು ಕೈಬಿಟ್ಟಿದ್ದಿತು. ಕ್ರೀಡಾಂಗಣದ ಜಾಗವು ಭೂಮಿಯ ವ್ಯಾಪಾರಿಗಳ ಪಾಲಾಗಿ, ಆಟವನ್ನು ಓಡಿಸಿ ಅಲ್ಲಿ ಮನೆಗಳನ್ನು ಕಟ್ಟುವ ಯೋಜನೆಗಳು ಸಿದ್ಧವಾಗಿದ್ದವು. 1992ರಲ್ಲಿ ಭೂಮಿಯ ಬೆಲೆ ಕುಸಿದು ಆ ವ್ಯಾಪಾರಿಗಳೇ ದಿವಾಳಿಯಾದುದರಿಂದ ಸಂಘವು ಬದುಕಿತು. ದೈವಕೃಪೆಯೆನ್ನುವವರು ಹಾಗೆನ್ನಲಿ, ಅಭಿಮಾನಿಗಳು ಮಾತ್ರ ಮತ್ತೆ ದೈವದ ಮೇಲೆ ಭಾರ ಹಾಕಲಿಲ್ಲ. 1993ರಲ್ಲಿ ‘ಚೆಲ್ಸಿ ಪಿಚ್ ಓನರ್ಸ್’ ಎಂಬ ಪ್ರತ್ಯೇಕ ಕಂಪನಿಯು ಹುಟ್ಟಿತು. ನೂರು ನೂರು ಪೌಂಡಿನ ಷೇರುಗಳನ್ನು ಸಾಮಾನ್ಯ ಜನರು ಕೊಂಡರು. 1997ರಲ್ಲಿ ಆ ಕಂಪನಿಯು ಕ್ರೀಡಾಂಗಣದ ನೆಲವನ್ನೇ ತನ್ನದನ್ನಾಗಿ ಮಾಡಿಕೊಂಡಿತು. ಕೊಳ್ಳುವ ಹಣಕ್ಕೆ ಅವರೂ ಸಂಘದಿಂದ ಸಾಲವನ್ನೇ ಪಡೆದರೆಂಬುದು ನಿಜ. ಆದರೆ ನೆಲವನ್ನು ಅವರ ಒಪ್ಪಿಗೆಯಿಲ್ಲದೆ ಯಾರೂ ಮಾರುವಂತಿಲ್ಲ. ಸಂಘವು ಆ ನೆಲವನ್ನು ಬಿಟ್ಟು ಬೇರೆ ಕಡೆಗೆ ಹೋದರೆ ‘ಚೆಲ್ಸಿ ಫುಟ್‌ಬಾಲ್ ಕ್ಲಬ್’ ಎಂಬ ಹೆಸರನ್ನು ಒಯ್ಯುವಂತಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರ ಪ್ರಸ್ತಾಪ ಬರುವುದು.

ಬೇಟ್ಸರ ಕಾಲದಲ್ಲಿ ಸಂಘವು ಹೋಟೆಲುಗಳನ್ನು ಕಟ್ಟಿತು, ಹೊರನಾಡುಗಳ ಹೆಸರಾಂತ ಆಟಗಾರರನ್ನು ತಂದಿತು, ಮತ್ತೆ ಸಾಲದಲ್ಲಿ ಮುಳುಗಿತು. 2003ರ ಹೊತ್ತಿಗೆ ಸಾಲವು ಸುಮಾರು 8 ಕೋಟಿ ಪೌಂಡು. ಆ ವರ್ಷದ ಜುಲೈಯಲ್ಲಿ ರಷ್ಯದ ಎಣ್ಣೆಯ ವ್ಯಾಪಾರದಲ್ಲಿ ಕುಬೇರರಾದ ರೋಮನ್ ಅಬ್ರಮೋವಿಚ್ಚರು ಸಾಲವೂ ಸೇರಿ 14 ಕೋಟಿ ಪೌಂಡಿಗೆ ಸಂಘವನ್ನು ಕೊಂಡರು. ಅಲ್ಲಿಂದ ಮುಂದಿನ ಲೆಕ್ಕಗಳನ್ನು ನೋಡಿದರೆ ತಲೆ ತಿರುಗುವುದು. ಮೊದಲನೆಯ ವರ್ಷದ ನಷ್ಟ 8 ಕೋಟಿ 78 ಲಕ್ಷ. ಎರಡನೆಯ ವರ್ಷದ ನಷ್ಟ 14 ಕೋಟಿ. ಎಂದರೆ ಇಡೀ ಸಂಘಕ್ಕೆ ಕೊಟ್ಟ ಬೆಲೆಯಷ್ಟನ್ನು ಆ ಸಂಘವು ಒಂದೇ ವರ್ಷದಲ್ಲಿ ಕಳೆದುಹಾಕಿತು! ಅಂಗಿಯ ಗುತ್ತಿಗೆಯನ್ನು ಒಬ್ಬರಿಂದ ಬಿಡಿಸಿ ಇನ್ನೊಬ್ಬರಿಗೆ ಕೊಡುವುದಕ್ಕೆಂದೇ ಅದರಲ್ಲಿ ಎರಡೂವರೆ ಕೋಟಿ ಹೋಯಿತು. ಅದೇ 2004–05ರಲ್ಲಿ ಐವತ್ತು ವರ್ಷಗಳ ತರುವಾಯ ಚೆಲ್ಸಿಯು ಇಂಗ್ಲೆಂಡಿನ ಲೀಗನ್ನು ಗೆದ್ದಿತು. ಜಯಘೋಷದ ನಡುವೆ ಖರ್ಚಿನ ಮಾತನ್ನು ಎತ್ತುವವನು ಮದುವೆಯ ಮನೆಯಲ್ಲಿ ಸಾಲದ ಪತ್ರವನ್ನು ಓದಿದವನಂತೆ ಕಂಡಿರಬೇಕು.

ಸಂಘದ ಆಗಿನ ಮುಖ್ಯ ಕಾರ್ಯನಿರ್ವಾಹಕರಾದ ಪೀಟರ್ ಕೆನ್ಯನ್ನರು 2009–10ರ ಹೊತ್ತಿಗೆ ಆಯವ್ಯಯಗಳು ಸರಿದೂಗುವುವೆಂದು ವಾಗ್ದಾನ ಮಾಡಿದ್ದರು. ಆ ವರ್ಷ ಬಂದಿತು. ಲೀಗೂ ಎಫ್.ಎ. ಕಪ್ಪೂ ಎರಡೂ ದೊರೆತವು; ನಷ್ಟ ಮಾತ್ರ 7 ಕೋಟಿ ಪೌಂಡಿಗೂ ಹೆಚ್ಚು. ಇದರ ನಡುವೆ, 2009ರ ಡಿಸೆಂಬರಿನಲ್ಲಿ, ಧಣಿಯು ಕೊಟ್ಟಿದ್ದ ಸುಮಾರು 34 ಕೋಟಿ ಪೌಂಡು ಸಾಲವನ್ನು ಷೇರುಗಳನ್ನಾಗಿ ಮಾರ್ಪಡಿಸಿ, ಸಂಘವು ಋಣಮುಕ್ತವಾಯಿತೆಂದು ಸಾರಲಾಯಿತು. ವಾಸ್ತವದಲ್ಲಿ ಸಾಲವು ಹಾರಿಹೋಗಿರಲಿಲ್ಲ. ಸಂಘದ ಮೇಲೆ ಫೋರ್ಡ್‌ಸ್ಟ್ಯಾಮ್ ಎಂಬ ತಾಯಿ ಕಂಪನಿಯೊಂದಿದ್ದಿತು. ಸಂಘವು ಆ ಕಂಪನಿಗೆ ಸಾಲಗಾರನಲ್ಲ, ಆದರೆ ಆ ಕಂಪನಿಯು ಅಬ್ರಮೋವಿಚ್ಚರಿಗೆ ಸಾಲಗಾರ. ಮಗನ ಖಾತೆಯಿಂದ ಅಳಿಸಿದ ಸಾಲವು ತಾಯಿಯ ಖಾತೆಯಲ್ಲಿ ಬೆಳೆಯುತ್ತ ಹೋಗಿ 2022ರ ಹೊತ್ತಿಗೆ 150 ಕೋಟಿ ಪೌಂಡುಗಳನ್ನು ಮುಟ್ಟಿದ್ದಿತು.

2011–12ರಲ್ಲಿ ಕೊನೆಗೂ ಲಾಭ ಬಂದಿತು: 14 ಲಕ್ಷ ಪೌಂಡು. ಅಬ್ರಮೋವಿಚ್ಚರ ಕಾಲದ ಮೊದಲನೆಯ ಲಾಭವದು. ಮ್ಯೂನಿಕ್ ನಗರದಲ್ಲಿ ಬಾಯರ್ನ್ ತಂಡವನ್ನು ಅದರ ಸ್ವಂತ ಅಂಗಳದಲ್ಲಿಯೇ ಸೋಲಿಸಿ ಯೂರೋಪಿನ ಚಾಂಪಿಯನ್ನರಾದ ವರ್ಷವೂ ಅದೇ. ಆದರೆ ಲೆಕ್ಕವನ್ನು ಬಿಡಿಸಿ ನೋಡಿದವರಿಗೆ, ಟೆಲಿವಿಷನ್ ಕಂಪನಿಯೊಂದು ಹೊಂದಿದ್ದ ಷೇರುಗಳನ್ನು ರದ್ದು ಮಾಡಿದುದರಿಂದ ಒಮ್ಮೆ ಮಾತ್ರ ಒದಗಿದ 1 ಕೋಟಿ 84 ಲಕ್ಷವು ಅದರಲ್ಲಿ ಸೇರಿದುದು ಕಂಡಿತು. ಅದಿಲ್ಲದಿದ್ದರೆ ಯೂರೋಪನ್ನು ಗೆದ್ದ ವರ್ಷದಲ್ಲಿಯೂ ನಷ್ಟವೇ. ಮರುವರ್ಷ ಮತ್ತೆ ಸುಮಾರು 5 ಕೋಟಿ ನಷ್ಟ. ಅನಂತರದ ವರ್ಷಗಳಲ್ಲಿ ಲಾಭನಷ್ಟಗಳು ಉಯ್ಯಾಲೆಯಾಡಿದವು. ಲಾಭ ಬಂದ ವರ್ಷಗಳಲ್ಲೆಲ್ಲ ಅದು ಬಂದುದು ಬಹುಮಟ್ಟಿಗೆ ಆಟಗಾರರನ್ನು ಮಾರಿ. 2021ರ ಮೇ ತಿಂಗಳಲ್ಲಿ ಪೋರ್ಟೋ ನಗರದಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಎರಡನೆಯ ಬಾರಿ ಯೂರೋಪಿನ ಪದವಿಯನ್ನು ಪಡೆದಾಗ ಆ ಸಾಲಿನ ನಷ್ಟ 14 ಕೋಟಿ 56 ಲಕ್ಷ. ಕೊರೋನಾ ಪಿಡುಗಿನಿಂದ ಗ್ಯಾಲರಿಗಳು ಬರಿದಾಗಿದ್ದವೆಂಬುದನ್ನು ನಾವು ಮರೆತಿಲ್ಲ. ಆದರೂ ಆಟದಲ್ಲಿ ಏರಬಹುದಾದ ಅತ್ಯುಚ್ಚ ಶಿಖರವನ್ನು ಎರಡು ಸಲ ಏರಿದಾಗಲೂ ಸ್ವಂತ ದುಡಿಮೆಯಿಂದ ಹೊಟ್ಟೆ ತುಂಬದಿದ್ದರೆ, ಇನ್ನು ಯಾವ ಶಿಖರವನ್ನು ಏರಿದರೆ ತುಂಬೀತು?

ಸ್ವಾವಲಂಬನಕ್ಕೆ ನಿಜವಾದ ಪರೀಕ್ಷೆಯು ವರ್ಷಾಂತ್ಯದ ಲೆಕ್ಕವಲ್ಲ. ಧಣಿಯ ಕೈಯನ್ನು ಒಂದು ದಿನ ಹಿಂದಕ್ಕೆ ತೆಗೆದರೆ ಮರುದಿನ ಏನಾಗುವುದು ಎಂಬುದೇ ಪರೀಕ್ಷೆ. ಸಾಮಾನ್ಯವಾಗಿ ಇದು ಊಹೆಯ ಪ್ರಶ್ನೆಯಾಗಿಯೇ ಉಳಿಯುವುದು. ಚೆಲ್ಸಿಯ ಪಾಲಿಗೆ ಅದು ಊಹೆಯಾಗಿ ಉಳಿಯಲಿಲ್ಲ.

2022ರ ಫೆಬ್ರವರಿ 24ರಂದು ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಮಾರ್ಚ್ 2ರಂದು ಅಬ್ರಮೋವಿಚ್ಚರು ಸಂಘವನ್ನು ಮಾರುವೆನೆಂದರು. ಮಾರ್ಚ್ 10ರಂದು ಬ್ರಿಟಿಷ್ ಸರಕಾರವು ಅವರ ಆಸ್ತಿಯನ್ನೆಲ್ಲ ಸ್ತಂಭನಗೊಳಿಸಿತು. ಆಸ್ತಿಯಲ್ಲಿ ಸಂಘವೂ ಸೇರಿದ್ದಿತು. ಅದೇ ದಿನ ಸರಕಾರವು ಕೊಟ್ಟ ವಿಶೇಷ ಪರವಾನಗಿಯ ಮೇಲೆ ಸಂಘವು ಉಸಿರಾಡಬೇಕಾಯಿತು. ಹೊಸದಾಗಿ ಟಿಕೆಟ್ಟನ್ನು ಮಾರಕೂಡದು. ಅಂಗಿ ಟೋಪಿಗಳನ್ನು ಮಾರುವ ಅಂಗಡಿಯು ಮುಚ್ಚತಕ್ಕದ್ದು. ಹೋಟೆಲಿಗೆ ಹೊಸ ಅತಿಥಿಗಳನ್ನು ತೆಗೆದುಕೊಳ್ಳಕೂಡದು. ಆಟಗಾರನನ್ನು ಕೊಳ್ಳುವುದಾಗಲಿ ಮಾರುವುದಾಗಲಿ ಇದ್ದವನ ಕರಾರನ್ನು ಮುಂದುವರಿಸುವುದಾಗಲಿ ಸಲ್ಲದು. ಸ್ವಂತ ಅಂಗಣದ ಪಂದ್ಯವೊಂದಕ್ಕೆ 5 ಲಕ್ಷ ಪೌಂಡಿಗಿಂತ ಹೆಚ್ಚು ಖರ್ಚು ಮಾಡಬಾರದು (ಇದನ್ನು ಆಮೇಲೆ 9 ಲಕ್ಷಕ್ಕೆ ಏರಿಸಿದರು). ಹೊರಗಿನ ಪಂದ್ಯದ ಪ್ರಯಾಣಕ್ಕೆ 20 ಸಾವಿರ ಪೌಂಡಿನ ಮಿತಿ. ಅಂಗಿಯ ಎದೆಯ ಮೇಲೆ ಹೆಸರಿದ್ದ ಟೆಲಿಫೋನ್ ಕಂಪನಿಯು ತನ್ನ ಹೆಸರನ್ನು ತೆಗೆಯಿರೆಂದಿತು. ಯೂರೋಪಿನ ಚಾಂಪಿಯನ್ ತಂಡವು ಪರಊರಿಗೆ ಹೇಗೆ ಹೋಗುವುದೆಂಬುದು ಇಡೀ ದೇಶದಲ್ಲಿ ಚರ್ಚೆಯ ವಿಷಯವಾಯಿತು.

ಧಣಿಯು ಮಾಡಿದುದಕ್ಕೆ ಟಿಕೆಟ್ಟು ಕೊಂಡು ಬರುವ ಬಡಪಾಯಿಯನ್ನು ದಂಡಿಸುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಲ್ಲವೇ ಎಂದು ಆಗ ಹಲವರು ದೂರಿದರು. ದೂರಿನಲ್ಲಿ ಸತ್ಯಾಂಶವಿದ್ದಿತು, ಸರಕಾರವೂ ಎರಡು ವಾರಗಳಲ್ಲಿ ಕೆಲವು ಕಟ್ಟುಗಳನ್ನು ಸಡಿಲಿಸಿತು. ಆದರೆ ಎತ್ತೂ ಎಮ್ಮೆಯೂ ಒಂದೇ ಹಗ್ಗಕ್ಕೆ ಬಿಗಿಯಲ್ಪಟ್ಟಿದ್ದವು. ಹತ್ತೊಂಬತ್ತು ವರ್ಷ ಆ ಹಗ್ಗವನ್ನು ಮೆಚ್ಚಿಕೊಂಡವರು ಅಭಿಮಾನಿಗಳೇ. ಯುಕ್ರೇನಿನ ಜನರಿಗಾಗಿ ಬರ್ನ್ಲಿಯ ಕ್ರೀಡಾಂಗಣವೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿನಲ್ಲಿ ಚೆಲ್ಸಿಯ ಕೆಲವರು ತಮ್ಮ ಧಣಿಯ ಹೆಸರನ್ನು ಕೂಗಿದರು. ತಂಡದ ತರಬೇತುದಾರರಾಗಿದ್ದ ಥಾಮಸ್ ಟುಖೆಲರೇ ಇದು ಅದಕ್ಕೆ ಸಮಯವಲ್ಲವೆಂದು ಗದರಿಸಬೇಕಾಯಿತು. ಪರಾವಲಂಬನವು ಹಣದ ಚೀಲವನ್ನು ಮಾತ್ರ ಮುಟ್ಟಿ ನಿಲ್ಲುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ನಾವು ಹುಡುಗರಾಗಿದ್ದಾಗ ನಮ್ಮ ಊರಿನಲ್ಲಿ ಒಂದು ಗರಡಿಯ ಮನೆಯಿದ್ದಿತು. ಪೈಲ್ವಾನರ ಹಾಲು ಬಾದಾಮಿಗಳಿಂದ ಹಿಡಿದು ಜಾತ್ರೆಯ ಕುಸ್ತಿಯ ಬೆಳ್ಳಿಯ ಕಡಗದ ತನಕ ಎಲ್ಲವೂ ಒಬ್ಬ ಸಾವಕಾರರ ಖರ್ಚು. ಸುತ್ತಿನ ಹತ್ತೂರಿನ ಪೈಲ್ವಾನರು ನಮ್ಮ ಗರಡಿಯೆಂದರೆ ಹೆದರುತ್ತಿದ್ದರು. ಸಾವಕಾರರಿಗೆ ಒಂದು ವರ್ಷ ಹತ್ತಿಯ ವ್ಯಾಪಾರದಲ್ಲಿ ಪೆಟ್ಟುಬಿತ್ತು. ಮರುವರ್ಷ ಗರಡಿಯ ಕೆಮ್ಮಣ್ಣಿನಲ್ಲಿ ಹುಲ್ಲು ಬೆಳೆದಿದ್ದಿತು. ಪೈಲ್ವಾನರು ದುರ್ಬಲರಾಗಿರಲಿಲ್ಲ; ಆದರೆ ದೀಪದ ಎಣ್ಣೆಗೆ ತಲೆಗೆ ನಾಲ್ಕಾಣೆ ಕೂಡಿಸುವ ರೂಢಿಯು ಅವರಲ್ಲಿ ಯಾರಿಗೂ ಇರಲಿಲ್ಲ.

ಚೆಲ್ಸಿಯಲ್ಲಿ ಹುಲ್ಲು ಬೆಳೆಯಲಿಲ್ಲ. ಇನ್ನೊಬ್ಬ ಸಾವಕಾರ ಸಿಕ್ಕಿದನು. 2022ರ ಮೇ 30ರಂದು ಅಮೆರಿಕದ ಟಾಡ್ ಬೋಲಿಯವರೂ ಕ್ಲಿಯರ್‌ಲೇಕ್ ಕ್ಯಾಪಿಟಲ್ ಎಂಬ ಬಂಡವಾಳದ ಕಂಪನಿಯೂ ಕೂಡಿದ ಗುಂಪು 250 ಕೋಟಿ ಪೌಂಡಿಗೆ ಸಂಘವನ್ನು ಕೊಂಡಿತು. ಮುಂದೆ ಇನ್ನೂ 175 ಕೋಟಿಯನ್ನು ಅದರಲ್ಲಿ ತೊಡಗಿಸುವೆನೆಂದಿತು. (ಮಾರಾಟದ ಆ 250 ಕೋಟಿಯು ಯುದ್ಧಸಂತ್ರಸ್ತರಿಗೆ ಸಲ್ಲಬೇಕಾದ ಹಣ. ಅದು ಬ್ಯಾಂಕಿನಲ್ಲಿಯೇ ಕೊಳೆಯುತ್ತಿದ್ದುದರಿಂದ 2025ರ ಡಿಸೆಂಬರಿನಲ್ಲಿ ಬ್ರಿಟಿಷ್ ಪ್ರಧಾನಿಗಳು ಅಬ್ರಮೋವಿಚ್ಚರಿಗೆ ನ್ಯಾಯಾಲಯದ ಎಚ್ಚರಿಕೆಯನ್ನು ಕೊಡಬೇಕಾಯಿತು.) ಹೊಸ ಒಡೆಯರು ದಾನಿಗಳಲ್ಲ, ಲಾಭಕ್ಕೆ ಬಂದವರು, ಆದುದರಿಂದ ಇನ್ನು ಲೆಕ್ಕವು ಬಿಗಿಯಾಗುವುದೆಂದು ಹಲವರು ನಂಬಿದರು. ಲೆಕ್ಕವು ಬಿಗಿಯಾಗಲಿಲ್ಲ, ಜಾಣತನದಿಂದ ಕೂಡಿತು.

ಆಟಗಾರನ ಬೆಲೆಯನ್ನು ಲೆಕ್ಕಿಗರು ಕೊಂಡ ವರ್ಷದಲ್ಲಿಯೇ ಖರ್ಚು ಹಾಕುವುದಿಲ್ಲ. ಅವನ ಕರಾರಿನ ವರ್ಷಗಳಿಗೆ ಸಮನಾಗಿ ಹಂಚುವರು. 2023ರ ಜನವರಿಯಲ್ಲಿ ಅರ್ಜೆಂಟೀನದ ಎನ್ಸೋ ಫರ್ನಾಂಡಿಸನನ್ನು ಚೆಲ್ಸಿಯು 10 ಕೋಟಿ 68 ಲಕ್ಷ ಪೌಂಡಿಗೆ ತಂದಿತು. ಕರಾರು ಎಂಟೂವರೆ ವರ್ಷದ್ದು. ಐದು ವರ್ಷಕ್ಕೆ ಹಂಚಿದ್ದರೆ ವರ್ಷವೊಂದಕ್ಕೆ 2 ಕೋಟಿ 13 ಲಕ್ಷ ಖರ್ಚು ಬೀಳುತ್ತಿದ್ದಿತು. ಎಂಟೂವರೆಗೆ ಹಂಚಿದುದರಿಂದ 1 ಕೋಟಿ 25 ಲಕ್ಷಕ್ಕೆ ಇಳಿಯಿತು. ಕೊಟ್ಟ ಹಣ ಅಷ್ಟೇ, ಹೊರೆ ಮಾತ್ರ ಮುಂದಿನವರ ತಲೆಗೆ. ಇದೇ ಉಪಾಯವನ್ನು ಇತರ ಹಲವರ ವಿಷಯದಲ್ಲಿಯೂ ಹೂಡಿದರು. ಯೂರೋಪಿನ ಕಾಲ್ಚೆಂಡು ಮಂಡಲವಾದ ಯುಇಎಫ್‌ಎ ಸಂಸ್ಥೆಯು ಅದೇ ವರ್ಷ ಹಂಚಿಕೆಗೆ ಐದು ವರ್ಷಗಳ ಮಿತಿಯನ್ನು ಹಾಕಿತು. ಡಿಸೆಂಬರಿನಲ್ಲಿ ಪ್ರೀಮಿಯರ್ ಲೀಗೂ ಹಾಗೆಯೇ ಮಾಡಿತು. ಕಳ್ಳದಾರಿಯನ್ನು ಮುಚ್ಚಿದರು, ಅಷ್ಟರೊಳಗೆ ಬಂಡಿಗಳು ದಾಟಿ ಹೋಗಿದ್ದವು.

ಇನ್ನೊಂದು ಉಪಾಯವು ನಮಗೆ ಹೆಚ್ಚು ಕಹಿಯಾಗಿ ತೋರುವುದು. ಕೊಂಡು ತಂದವನನ್ನು ಮಾರಿದರೆ, ಅವನಿಗೆ ಕೊಟ್ಟ ಬೆಲೆಯಲ್ಲಿ ಇನ್ನೂ ಖರ್ಚು ಹಾಕದೆ ಉಳಿದ ಭಾಗವನ್ನು ಕಳೆದು ಲಾಭವನ್ನು ಎಣಿಸಬೇಕು. ಸಂಘದ ಸ್ವಂತ ಪಾಠಶಾಲೆಯಲ್ಲಿ ಬೆಳೆದ ಹುಡುಗನನ್ನು ಮಾರಿದರೆ ಕಳೆಯುವುದಕ್ಕೆ ಏನೂ ಇಲ್ಲ, ಬಂದುದೆಲ್ಲ ಲಾಭ. ಆದುದರಿಂದ ಲೆಕ್ಕಿಗನ ಕಣ್ಣಿಗೆ ಮನೆಯ ಮಗನೇ ಮಾರುವುದಕ್ಕೆ ಅತ್ಯುತ್ತಮವಾದ ಸರಕು! ಆರು ವರ್ಷದ ಬಾಲಕನಾಗಿ ಬಂದು, ಪೋರ್ಟೋದ ಜಯದಲ್ಲಿ ಪಾಲುಗೊಂಡ ಮೇಸನ್ ಮೌಂಟನು 2023ರಲ್ಲಿ ಸುಮಾರು ಐದೂವರೆ ಕೋಟಿಗೆ ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಹೋದನು. ಮರುವರ್ಷ ಕಾನರ್ ಗ್ಯಾಲಘರನು ಸ್ಪೇಯ್ನಿಗೆ ಹೋದನು. ಸ್ವಂತ ಹೊಲದ ಬೀಜದ ಕಾಳನ್ನು ಮಾರಿ ಸಂತೆಯ ಕಾಳನ್ನು ದುಬಾರಿ ಬೆಲೆಗೆ ತರುವ ಒಕ್ಕಲಿಗನಿಗೆ ನಮ್ಮಲ್ಲಿ ಯಾವ ಹೆಸರುಂಟೆಂಬುದನ್ನು ಬರೆಯುವ ಅಗತ್ಯವಿಲ್ಲ. ಇದರಲ್ಲಿ ತಪ್ಪು ಚೆಲ್ಸಿಯೊಂದರದೇ ಅಲ್ಲ. ಇಂತಹ ಮಾರಾಟಕ್ಕೆ ಬಹುಮಾನವನ್ನಿಡುವ ನಿಯಮಗಳನ್ನು ರಚಿಸಿದವರದೂ ಹೌದು. ಮೂರು ವರ್ಷಗಳಲ್ಲಿ ಒಟ್ಟು ನಷ್ಟವು 10 ಕೋಟಿ 50 ಲಕ್ಷ ಪೌಂಡನ್ನು ಮೀರಕೂಡದೆಂಬುದು 2013ರಿಂದ ಪ್ರೀಮಿಯರ್ ಲೀಗಿನ ಕಟ್ಟಳೆ. ಮೀರಿದುದಕ್ಕಾಗಿ 2023–24ರಲ್ಲಿ ಎವರ್ಟನ್, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸಂಘಗಳ ಅಂಕಗಳನ್ನು ಕಡಿದರು. ಅಂಕಗಳ ಭಯವೇ ಹೊಸ ಹೊಸ ಉಪಾಯಗಳಿಗೆ ತಾಯಿಯಾಯಿತು.

ಈ ಭಯದಲ್ಲಿಯೇ 2022–23ರಲ್ಲಿ ಕ್ರೀಡಾಂಗಣದ ಪಕ್ಕದ ಎರಡು ಹೋಟೆಲುಗಳನ್ನು ಚೆಲ್ಸಿಯು ಒಡೆಯರದೇ ಕಂಪನಿಗೆ 7 ಕೋಟಿ 65 ಲಕ್ಷಕ್ಕೆ ಮಾರಿತು. ಅದು ಸಾಲದೆ, 2024ರ ಜೂನ್ ಕೊನೆಯಲ್ಲಿ, ಲೆಕ್ಕದ ವರ್ಷವು ಮುಗಿಯುವುದಕ್ಕೆ ಎರಡೇ ದಿನಗಳಿದ್ದಾಗ, ಮಹಿಳಾ ತಂಡವನ್ನು ಮಾರಿತು. ಅಪ್ಪನು ಹಟ್ಟಿಯ ಹಸುವನ್ನು ಮಗನಿಗೆ ಮಾರುತ್ತಾನೆ. ಹಸುವು ಗೂಟದಿಂದ ಕದಲುವುದಿಲ್ಲ. ಹಾಲನ್ನು ಕರೆಯುವವರೂ ಕುಡಿಯುವವರೂ ಮೊದಲಿನವರೇ. ಆದರೆ ಅಪ್ಪನ ಪುಸ್ತಕದಲ್ಲಿ ಆ ವರ್ಷ ಬಂಪರ್ ಬೆಳೆ.

ಒಡೆಯರ ಪಕ್ಷದ ಮಾತನ್ನೂ ಹೇಳಬೇಕಾದುದು ಧರ್ಮ. ಪ್ರೀಮಿಯರ್ ಲೀಗಿನ ನಿಯಮಗಳಲ್ಲಿ ಇದಕ್ಕೆ ನಿಷೇಧವಿರಲಿಲ್ಲ. ನಿಷೇಧಿಸೋಣವೆಂದು 2024ರ ಜೂನಿನಲ್ಲಿ ಸಂಘಗಳ ಮುಂದೆ ಸೂಚನೆ ಬಂದಾಗ ಸಾಕಷ್ಟು ಮತಗಳು ಬೀಳಲಿಲ್ಲ. ಮಹಿಳಾ ತಂಡಕ್ಕೆ ಕಟ್ಟಿದ ಬೆಲೆಯು ಬರಿಯ ಕಲ್ಪನೆಯೆನ್ನುವಂತೆಯೂ ಇಲ್ಲ. 2025ರಲ್ಲಿ ಅಮೆರಿಕದ ಅಲೆಕ್ಸಿಸ್ ಒಹೇನಿಯನ್ನರು ಅದರ ಒಂದು ಸಣ್ಣ ಪಾಲಿಗೆ ಸುಮಾರು 2 ಕೋಟಿ ಪೌಂಡು ಕೊಟ್ಟರೆಂದು ವರದಿಯಾಯಿತು. ವರ್ಷವರ್ಷವೂ ಇಂಗ್ಲೆಂಡಿನ ಲೀಗನ್ನು ಗೆಲ್ಲುತ್ತಿದ್ದ ಆ ತಂಡದ ಯೋಗ್ಯತೆಯನ್ನು ನಾವು ಕಡಿಮೆಯೆನ್ನುವುದಿಲ್ಲ; ಸ್ತ್ರೀಯರ ಆಟಕ್ಕೆ ಪ್ರತ್ಯೇಕ ಬಂಡವಾಳ ಬರುವುದು ಒಳ್ಳೆಯದೇ. ಆದರೆ ಆ ತಂಡದ ಬೆಲೆಯನ್ನು ಪುರುಷರ ತಂಡದ ತೂತು ಮುಚ್ಚುವುದಕ್ಕೆ ಬಳಸಿದರು. ಯುಇಎಫ್‌ಎ ಇಂತಹ ಮಾರಾಟವನ್ನು ಆದಾಯವೆಂದು ಒಪ್ಪಲಿಲ್ಲ. 2025ರ ಜುಲೈಯಲ್ಲಿ ಅದು ಚೆಲ್ಸಿಗೆ 3 ಕೋಟಿ 10 ಲಕ್ಷ ಯೂರೋ ದಂಡವನ್ನು ವಿಧಿಸಿತು. ನಾಲ್ಕು ವರ್ಷಗಳಲ್ಲಿ ನಡತೆಯನ್ನು ತಿದ್ದಿಕೊಳ್ಳದಿದ್ದರೆ ಇನ್ನೂ 6 ಕೋಟಿ ತೆರಬೇಕೆಂದಿತು. ಒಂದೇ ಜಮಾಖರ್ಚು ಲಂಡನ್ನಿನಲ್ಲಿ ಲಾಭ, ಸ್ವಿಟ್ಜರ್ಲೆಂಡಿನಲ್ಲಿ ಅಪರಾಧ!

ಅದೇ ತಿಂಗಳಲ್ಲಿ ತಂಡವು ಅಮೆರಿಕದಲ್ಲಿ ಪ್ಯಾರಿಸಿನವರನ್ನು 3–0 ಅಂತರದಿಂದ ಸೋಲಿಸಿ ಸಂಘಗಳ ವಿಶ್ವಕಪ್ಪನ್ನು ಗೆದ್ದು, 10 ಕೋಟಿ ಡಾಲರಿಗೂ ಮೀರಿದ ಬಹುಮಾನವನ್ನು ತಂದಿತು. ಇದು ಬೆವರಿನ ಹಣ. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ಬಹುಮಾನದ ಮೇಲೆ ನಿತ್ಯದ ಅಡಿಗೆಯ ಎಸರಿಡಲಾಗದು.

ಹಾಗಾದರೆ ದಾರಿ ಯಾವುದು? ಅದೇ ಲಂಡನ್ನಿನ ಉತ್ತರಭಾಗದ ಆರ್ಸನಲ್ ಸಂಘವು 2006ರಲ್ಲಿ 60 ಸಾವಿರ ಜನ ಕೂಡುವ ಹೊಸ ಕ್ರೀಡಾಂಗಣಕ್ಕೆ ಹೋಯಿತು. ವೆಚ್ಚ 39 ಕೋಟಿ ಪೌಂಡು. ಅದರಲ್ಲಿ ಸುಮಾರು 26 ಕೋಟಿ ಸಾಲ. ಆ ಸಾಲವನ್ನು ತೀರಿಸುವುದಕ್ಕಾಗಿ ಆನ್ರಿ, ಫಾಬ್ರೆಗಾಸ್, ವಾನ್ ಪರ್ಸಿಯಂತಹ ಮುತ್ತುಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟಿತು. 2005ರಿಂದ 2014ರ ವರೆಗೆ ಒಂದು ಕಪ್ಪನ್ನೂ ಕಾಣಲಿಲ್ಲ. ಸ್ವಂತ ಅಭಿಮಾನಿಗಳ ಬೈಗುಳವನ್ನು ತಿಂದಿತು. ಆದರೆ 2023–24ರಲ್ಲಿ ಅದರ ಬಾಗಿಲ ಹಣವು 10 ಕೋಟಿಯನ್ನು ದಾಟಿತು. 40 ಸಾವಿರ ಜನರ ಚೆಲ್ಸಿಯದು 8 ಕೋಟಿಯಲ್ಲಿಯೇ ನಿಂತಿತು. ಆರ್ಸನಲ್ಲೂ ಈಗ ಒಬ್ಬ ಅಮೆರಿಕನ್ ಧನಿಕರ ಕೈಯಲ್ಲಿದೆ, ಅದೂ ನಷ್ಟವನ್ನು ಕಾಣದೆ ಇಲ್ಲ. ಅದನ್ನು ಆದರ್ಶವೆಂದು ನಾವು ಪೂಜಿಸುವುದಿಲ್ಲ. ಆದರೆ ಒಂಬತ್ತು ವರ್ಷ ಹೊಟ್ಟೆ ಕಟ್ಟಿ ಕಟ್ಟಿದ ಆ ಕಟ್ಟಡವನ್ನು ಯಾವ ಒಡೆಯನ ಬೀಳ್ಕೊಡುಗೆಯೂ ಅಲ್ಲಿಂದ ಎತ್ತಿಕೊಂಡು ಹೋಗಲಾರದು.

ಚೆಲ್ಸಿಯೂ ಇದನ್ನು ಅರಿಯದೆ ಇಲ್ಲ. ಇದ್ದ ಜಾಗದಲ್ಲಿಯೇ 60 ಸಾವಿರ ಜನರ ಕ್ರೀಡಾಂಗಣವನ್ನು ಕಟ್ಟಲು 2017ರಲ್ಲಿ ಅನುಮತಿ ದೊರೆತಿದ್ದಿತು. 2018ರಲ್ಲಿ ಅಬ್ರಮೋವಿಚ್ಚರ ವೀಸಾದ ತೊಡಕು ಎದ್ದ ಕಾಲಕ್ಕೆ ಸಂಘವು ಅದನ್ನು ಕೈಬಿಟ್ಟಿತು. ಧಣಿಗೆ ವೀಸಾ ಇಲ್ಲದಿದ್ದರೆ ಸಂಘಕ್ಕೆ ಗ್ಯಾಲರಿ ಇಲ್ಲ! ಹೊಸ ಒಡೆಯರು 2023ರಲ್ಲಿ ಕ್ರೀಡಾಂಗಣಕ್ಕೆ ಹೊಂದಿದ ಸ್ವಲ್ಪ ಜಾಗವನ್ನು ಸುಮಾರು 8 ಕೋಟಿ ಪೌಂಡಿಗೆ ಕೊಂಡರು. ಎರಡು ರೈಲು ಹಾದಿಗಳ ನಡುವೆ ಇರುಕಿದ ಆ ನೆಲದಲ್ಲಿ ಕಟ್ಟುವುದು ಕಷ್ಟ, ಕಟ್ಟುವಾಗ ವರ್ಷಗಟ್ಟಲೆ ತಂಡವು ಪರರ ಅಂಗಣದಲ್ಲಿ ಆಡಬೇಕು. ಬಿಟ್ಟುಹೋದರೆ ಹೆಸರಿನ ತೊಡಕು.

ಹೆಸರು ಯಾರಲ್ಲಿದೆಯೆಂಬುದನ್ನು ಮೇಲೆ ಹೇಳಿದ್ದೇವೆ. 2011ರ ಅಕ್ಟೋಬರಿನಲ್ಲಿ ಅಬ್ರಮೋವಿಚ್ಚರ ಆಡಳಿತವು ನೆಲವನ್ನು ತನಗೆ ಮಾರಿರೆಂದು ಆ ಸಣ್ಣ ಷೇರುದಾರರನ್ನು ಕೇಳಿತು. ಯೂರೋಪಿನ ಅತ್ಯಂತ ಶ್ರೀಮಂತರಲ್ಲಿ ಒಬ್ಬರ ಕೋರಿಕೆಯದು. ನೂರಕ್ಕೆ 75 ಮತಗಳು ಬೇಕಾಗಿದ್ದವು, 61ಕ್ಕೆ ಸ್ವಲ್ಪ ಮೇಲೆ ಬಿದ್ದವು, ಕೋರಿಕೆಯು ತಳ್ಳಲ್ಪಟ್ಟಿತು. ಅಂದು ಅವರನ್ನು ಪ್ರಗತಿಯ ವೈರಿಗಳೆಂದು ಜರೆದವರುಂಟು. ಹತ್ತು ವರ್ಷಗಳ ಮೇಲೆ ಧಣಿಯ ಆಸ್ತಿಯೆಲ್ಲ ಸ್ತಂಭನಗೊಂಡ ದಿನ, ಆ ನೆಲವು ಧಣಿಯ ಆಸ್ತಿಯಾಗಿರಲಿಲ್ಲ. ಹೋಟೆಲು, ಮಹಿಳಾ ತಂಡ ಎಲ್ಲವೂ ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋದಾಗಲೂ ಆ ನೆಲವು ಹೋಗಲಿಲ್ಲ. ಚೆಲ್ಸಿಯ ನೂರಿಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಸ್ವಾವಲಂಬನದ ಕೆಲಸವೆಂದು ಹೇಳಬಹುದಾದುದು ಇದೊಂದೇ ಎಂದು ನಮಗೆ ತೋರುವುದು. ಅದನ್ನು ಮಾಡಿದವರು ಟಿಕೆಟ್ಟು ಕೊಂಡು ಬರುವವರು.

ಬ್ರಿಟಿಷ್ ಪಾರ್ಲಿಮೆಂಟು 2025ರ ಜುಲೈಯಲ್ಲಿ ಕಾಲ್ಚೆಂಡು ಆಡಳಿತದ ಶಾಸನವನ್ನು ಅಂಗೀಕರಿಸಿ, ಸಂಘಗಳ ಮೇಲೆ ಸ್ವತಂತ್ರ ನಿಯಂತ್ರಕನನ್ನು ನೇಮಿಸಿತು. ಅವನ ಅನುಮತಿಯಿಲ್ಲದೆ ಯಾವ ಸಂಘವೂ ತನ್ನ ಕ್ರೀಡಾಂಗಣವನ್ನು ಮಾರಲಾರದು. ಒಡೆಯರ ಹಣದ ಮೂಲವನ್ನು ಅವನು ವಿಚಾರಿಸಬಹುದು. ಪ್ರೀಮಿಯರ್ ಲೀಗು 2025ರ ನವೆಂಬರಿನಲ್ಲಿ ಹಳೆಯ ಕಟ್ಟಳೆಯನ್ನು ಬಿಟ್ಟು, 2026–27ರಿಂದ ತಂಡದ ಖರ್ಚು ಆದಾಯದ ನೂರಕ್ಕೆ 85ನ್ನು ಮೀರಕೂಡದೆಂಬ ಹೊಸ ಕಟ್ಟಳೆಗೆ ಮತ ಕೊಟ್ಟಿತು. ಆಟದ ಸಂಬಂಧವಾದ ಆದಾಯ ಮಾತ್ರ ಇದರಲ್ಲಿ ಎಣಿಕೆಗೆ ಬರುವುದರಿಂದ, ಹಟ್ಟಿಯೊಳಗಿನ ಮಾರಾಟಕ್ಕೆ ಇನ್ನು ಮೊದಲಿನ ಬೆಲೆ ಇರಲಾರದು. ಮಾರುವುದಕ್ಕೆ ಚೆಲ್ಸಿಯಲ್ಲಿ ಉಳಿದಿರುವುದೂ ಹೆಚ್ಚಿಲ್ಲ. ದೊಡ್ಡ ಕ್ರೀಡಾಂಗಣದ ಮಾತನ್ನು ಒಡೆಯರು ಎತ್ತಲೇಬೇಕಾಗುವುದು. ಬೇರೆ ಕಡೆಗೆ ಹೋಗುವುದಾದರೆ ನೂರು ಪೌಂಡಿನ ಷೇರುದಾರರ ಸಭೆಯನ್ನು ಮತ್ತೊಮ್ಮೆ ಕರೆಯಬೇಕಾಗುವುದು. ಆ ಸಭೆಯಲ್ಲಿ ಅವರು ಕೇಳತಕ್ಕ ಮೊದಲನೆಯ ಪ್ರಶ್ನೆಯು ಆಸನಗಳೆಷ್ಟೆಂಬುದಲ್ಲ. ಕಟ್ಟಡದ ಸಾಲವನ್ನು ಯಾವ ಕಂಪನಿಯ ಖಾತೆಯಲ್ಲಿ ಬರೆಯುವಿರಿ, ನೀವು ಮಾರಿ ಹೋದ ದಿನ ಅದನ್ನು ತೀರಿಸುವವರು ಯಾರು ಎಂಬುದು.